ಯುದ್ಧದ ಕ್ರೌರ್ಯ ಕಂಡು ಕುದಿಯುವ ಜನ ಯಾಕೆ ಇಷ್ಟು ಬೇಗ ಸುಮ್ಮನಾಗುತ್ತಾರೆ?

ಓದುಗರ ಪ್ರಶ್ನೆ:

2004ರಲ್ಲಿ ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಫೋಟೊಗಳು ಹೊರಬಂದಾಗ ನಾನು ಕಾಲೇಜಿನಲ್ಲಿದ್ದೆ. ತಲೆಗೆ ಮುಸುಕು ಹಾಕಿ, ಡಬ್ಬದ ಮೇಲೆ ನಿಲ್ಲಿಸಿ, ಕೈಗಳಿಗೆ ವೈರ್ ಸಿಕ್ಕಿಸಿದ್ದ ಆ ಕೈದಿಯ ಚಿತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೆರಡು ವಾರ ನಮಗೆ ಬೇರೆ ಮಾತೇ ಇರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಅದೇ ಅಧ್ಯಕ್ಷರು, ಬುಷ್, ಮತ್ತೆ ಗೆದ್ದರು. ಜೈಲಿಗೆ ಹೋದವರು ಕೆಳಗಿನ ಸೈನಿಕರು ಮಾತ್ರ. ಈಗ ದಿನಾ ಫೋನಿನಲ್ಲಿ ಯಾವುದೋ ಯುದ್ಧದ ವಿಡಿಯೊ ಬರುತ್ತದೆ. ನೋಡುತ್ತೇನೆ, ಮುಂದಕ್ಕೆ ತಳ್ಳುತ್ತೇನೆ. ಆಮೇಲೆ ನನ್ನ ಮೇಲೇ ಅಸಹ್ಯವಾಗುತ್ತದೆ. ನಮ್ಮಣ್ಣ "ಯುದ್ಧ ಅಂದ್ರೆ ಇದೆಲ್ಲ ಇದ್ದದ್ದೇ, ನೀನು ನೋಡಿ ಏನು ಮಾಡ್ತೀಯ?" ಅನ್ನುತ್ತಾನೆ. ಗೆಳತಿಯೊಬ್ಬಳು ಸಿಕ್ಕಿದ್ದನ್ನೆಲ್ಲ ಹಂಚುತ್ತಾಳೆ. ನಾನು ಎರಡೂ ಕಡೆ ಸೇರುವವಳಲ್ಲ. ಜನರಿಗೆ ನಿಜವಾಗಿಯೂ ಏನೂ ಅನ್ನಿಸುವುದಿಲ್ಲವೇ? ಈ ಸಿಟ್ಟಿನಿಂದ ಎಂದಾದರೂ ಏನಾದರೂ ಆಗಿದೆಯೇ? ಇಲ್ಲವಾದರೆ ನೋಡುವುದನ್ನೇ ಬಿಟ್ಟುಬಿಡಲೇ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಜನ ಕಲ್ಲಾಗಿಬಿಟ್ಟಿದ್ದಾರಾ? ಸಿಟ್ಟು ಸುಮ್ನೆ ದಂಡವಾ? ಹಾಗಾದರೆ ನಾನು ನೋಡಿ ಯಾಕೆ ಸಂಕಟಪಡಬೇಕು? ನಾನು ಯುದ್ಧಕ್ಕೆ ಸಂಬಂಧಿಸಿದ ಕಾನೂನು ಪಾಠ ಮಾಡುವವನು. ತನಿಖಾ ವರದಿ, ಕೋರ್ಟ್ ದಾಖಲೆ, ಬದುಕುಳಿದವರ ಹೇಳಿಕೆ, ಇವನ್ನು ಓದುವುದೇ ನನ್ನ ದಿನದ ಕೆಲಸ. ನಿಮ್ಮ ಮೂರನೇ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ, ಅದೂ ಸಾಮಾನ್ಯವಾಗಿ ತರಗತಿ ಮುಗಿದು ಉಳಿದವರೆಲ್ಲ ಹೊರಟ ಮೇಲೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಆ ವಿಡಿಯೊವನ್ನು ನೀವು ಮುಂದಕ್ಕೆ ತಳ್ಳಿದ್ದು ಮನಸ್ಸು ಕಲ್ಲಾಗಿರುವುದರಿಂದ ಅಲ್ಲ. ಅಸಹ್ಯಪಟ್ಟುಕೊಳ್ಳುವ ಅಗತ್ಯವಿಲ್ಲ.

ಎಲ್ಲಕ್ಕಿಂತ ಮುಂಚೆ ನಾವೆಲ್ಲ ನಂಬಿಕೊಂಡಿರುವ ಒಂದು ಮಾತನ್ನು ಪರೀಕ್ಷೆಗೆ ಹಚ್ಚಬೇಕು. "ಜನಕ್ಕೆ ನಿಜ ಗೊತ್ತಾದರೆ ಸಾಕು, ಅವರೇ ನಿಲ್ಲಿಸುತ್ತಾರೆ" ಎಂಬ ಮಾತು.

1968ರ ಮಾರ್ಚ್ 16ರ ಬೆಳಿಗ್ಗೆ ಅಮೆರಿಕದ ಸೇನೆಯ ಚಾರ್ಲಿ ಕಂಪನಿ ವಿಯೆಟ್ನಾಮಿನ ಮೈ ಲಾಯ್ ಎಂಬ ಹಳ್ಳಿಗೆ ನುಗ್ಗಿತು. ಎದುರು ಗುಂಡು ಹಾರಿಸುವವರು ಅಲ್ಲಿ ಯಾರೂ ಇರಲಿಲ್ಲ. ಇದ್ದವರು ಮುದುಕರು, ಹೆಂಗಸರು, ಮಕ್ಕಳು. ಕೆಲವೇ ತಾಸುಗಳಲ್ಲಿ ಅಮೆರಿಕದ ಸೇನೆಯ ಲೆಕ್ಕದಂತೆ 347 ಜನ, ವಿಯೆಟ್ನಾಮಿನ ಲೆಕ್ಕದಂತೆ 504 ಜನ ಸತ್ತರು. ಸೇನೆ ಹೊರಗೆ ಹೇಳಿದ್ದು 128 ಶತ್ರುಗಳನ್ನು ಕೊಂದೆವು ಎಂದು. ಒಂದು ವರ್ಷಕ್ಕೂ ಜಾಸ್ತಿ ಕಾಲ ಅದೇ ನಿಜವೆಂದು ನಡೆಯಿತು. ಗೆಳೆಯರ ಬಾಯಿಂದ ವಿಷಯ ಕೇಳಿದ್ದ ರಾನ್ ರೈಡನಾವರ್ ಎಂಬ ಮಾಜಿ ಸೈನಿಕ 1969ರ ಮಾರ್ಚಿನಲ್ಲಿ ಸಂಸದರಿಗೂ ಅಧಿಕಾರಿಗಳಿಗೂ ಪತ್ರ ಬರೆದ. ನವೆಂಬರಿನಲ್ಲಿ ಪತ್ರಕರ್ತ ಸೀಮೋರ್ ಹರ್ಶ್ ಸುದ್ದಿ ಹೊರಹಾಕಿದರು. ಸೇನೆಯ ಫೋಟೊಗ್ರಾಫರನೇ ತನ್ನ ಸ್ವಂತ ಕ್ಯಾಮೆರಾದಲ್ಲಿ ತೆಗೆದಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ದಾರಿಯ ಮೇಲೆ ಬಿದ್ದ ಹೆಣಗಳ ರಾಶಿಯನ್ನು ದೇಶಕ್ಕೆ ದೇಶವೇ ನೋಡಿತು.

ಅಂದರೆ ಜನಕ್ಕೆ ಗೊತ್ತಾಯಿತು. ಆಮೇಲೆ?

1971ರ ಮಾರ್ಚಿನಲ್ಲಿ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಕನಿಷ್ಠ 22 ಮಂದಿಯನ್ನು ಕೊಂದ ಅಪರಾಧಿ ಎಂದು ಸೇನಾ ನ್ಯಾಯಾಲಯ ತೀರ್ಪು ಕೊಟ್ಟಿತು. ಜೀವಾವಧಿ ಶಿಕ್ಷೆ. ಶ್ವೇತಭವನಕ್ಕೆ ಟೆಲಿಗ್ರಾಂಗಳ ಮಳೆಯೇ ಸುರಿಯಿತು. ಹೆಚ್ಚುಕಮ್ಮಿ ಎಲ್ಲವೂ ಕ್ಯಾಲಿಯ ಪರ. ಗ್ಯಾಲಪ್ ಸಮೀಕ್ಷೆಯಲ್ಲಿ 79% ಜನ ತೀರ್ಪನ್ನು ಒಪ್ಪುವುದಿಲ್ಲ ಎಂದರು. ಜಾರ್ಜಿಯಾದ ಗವರ್ನರ್ ಆಗಿದ್ದ ಜಿಮ್ಮಿ ಕಾರ್ಟರ್, ಸೈನಿಕರ ಗೌರವಕ್ಕಾಗಿ ಹಗಲಲ್ಲೂ ಕಾರಿನ ಹೆಡ್‌ಲೈಟ್ ಹಾಕಿಕೊಂಡು ಓಡಿಸಿ ಎಂದು ಜನರಿಗೆ ಕರೆ ಕೊಟ್ಟರು. ಮುಂದೆ ಅಮೆರಿಕದ ಅಧ್ಯಕ್ಷರಾಗಿ ಮಾನವ ಹಕ್ಕುಗಳಿಗೆ ಹೆಸರಾದವರು ಇವರೇ. ಅಧ್ಯಕ್ಷ ನಿಕ್ಸನ್ ಶಿಕ್ಷೆಯಾದ ಮರುದಿನವೇ ಕ್ಯಾಲಿಯನ್ನು ಸೇನಾ ಜೈಲಿನಿಂದ ಬಿಡಿಸಿ ಗೃಹಬಂಧನಕ್ಕೆ ಕಳಿಸಿದರು. ಜೀವಾವಧಿ 20 ವರ್ಷವಾಯಿತು, 20 ಹೋಗಿ 10 ಆಯಿತು, 1974ರಲ್ಲಿ ಆತ ಹೊರಗಿದ್ದ. ಮೈ ಲಾಯ್ ವಿಷಯದಲ್ಲಿ ಶಿಕ್ಷೆಯಾದದ್ದು ಅವನೊಬ್ಬನಿಗೇ.

ಈ 79% ನೋಡಿ "ನೋಡಿ, ಜನಕ್ಕೆ ಹೃದಯವೇ ಇಲ್ಲ" ಎಂದುಬಿಡುವುದು ಸುಲಭ. ಆದರೆ ಯಾಕೆ ಒಪ್ಪುವುದಿಲ್ಲ ಎಂದು ಕೇಳಿದಾಗ ಅವರಲ್ಲಿ ಹೆಚ್ಚಿನವರು ಕೊಟ್ಟ ಕಾರಣ ಬೇರೆಯೇ ಇತ್ತು. ಇದರಲ್ಲಿ ಇನ್ನೂ ಎಷ್ಟೋ ಜನರ ಪಾಲಿದೆ, ಇವನೊಬ್ಬನನ್ನೇ ಯಾಕೆ ಹಿಡಿದಿರಿ ಎಂದರು ಅವರು. ಅದು ಅಪರಾಧವೇ ಅಲ್ಲ ಎಂದವರು ಸಣ್ಣ ಗುಂಪು. ಈ ವಿಷಯವನ್ನು ನಾನು ತರಗತಿಯಲ್ಲಿ ಒತ್ತಿ ಒತ್ತಿ ಹೇಳುತ್ತೇನೆ. ಅಲ್ಲಿ ಸಿಟ್ಟಿತ್ತು, ಧಾರಾಳವಾಗಿ ಇತ್ತು. ಅದರ ಬಹುಪಾಲು ಮೇಲಿನವರ ಮೇಲೆ ಹೋಗಬೇಕಾದ ಸಿಟ್ಟು. ಆದರೆ "ಮೇಲಿನವರನ್ನು ಕೋರ್ಟಿಗೆ ತನ್ನಿ" ಎಂದು ಅದಕ್ಕೆ ದಾರಿ ಮಾಡಿಕೊಡುವವರು ಇರಲಿಲ್ಲ. "ಪಾಪ, ಹುಡುಗನನ್ನು ಬಿಟ್ಟುಬಿಡಿ" ಎನ್ನುವ ದಾರಿ ಮಾತ್ರ ತೆರೆದಿತ್ತು. ನಿಕ್ಸನ್ ಅದನ್ನೇ ಬಳಸಿಕೊಂಡರು. ನಾಯಕರು ಜನರ ಸಿಟ್ಟನ್ನು ಎದುರಿಸಿ ನಿಲ್ಲಬೇಕಾದ ಸಂದರ್ಭ ಬಹಳ ಕಡಿಮೆ. ಸಾಮಾನ್ಯವಾಗಿ ಅವರು ಅದನ್ನು ಬೇರೆ ಕಡೆ ತಿರುಗಿಸುತ್ತಾರೆ, ಅಷ್ಟೇ.

ನಿಮ್ಮಣ್ಣನ ಮಾತಿಗೂ ಉತ್ತರ ಅದೇ ಹಳ್ಳಿಯಲ್ಲಿದೆ. ಅದೇ ಬೆಳಿಗ್ಗೆ ಹ್ಯೂ ಥಾಂಪ್ಸನ್ ಎಂಬ 24 ವರ್ಷದ ಪೈಲಟ್ ಮೈ ಲಾಯ್ ಮೇಲೆ ಸಣ್ಣ ಹೆಲಿಕಾಪ್ಟರ್ ಹಾರಿಸುತ್ತಿದ್ದ. ಕೆಳಗೆ ಏನು ನಡೆಯುತ್ತಿದೆ ಎಂದು ಅರ್ಥವಾಯಿತು. ಅಡಗುಗುಂಡಿಯಲ್ಲಿ ಮುದುರಿಕೊಂಡಿದ್ದ ಹಳ್ಳಿಯವರಿಗೂ ಅವರತ್ತ ಬರುತ್ತಿದ್ದ ತನ್ನದೇ ದೇಶದ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ಸೈನಿಕರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ಅವರ ಮೇಲೆ ಹಾರಿಸಿ ಎಂದು ಜೊತೆಗಿದ್ದ ಇಬ್ಬರಿಗೆ ಹೇಳಿ, ತಾನು ನಡೆದುಹೋಗಿ ಹಳ್ಳಿಯವರನ್ನು ಹೊರಗೆ ಕರೆದ. ಬೇರೆ ಹೆಲಿಕಾಪ್ಟರ್ ಕರೆಸಿ ಅವರನ್ನು ಸಾಗಿಸಿದ. ಆಮೇಲೆ ಹೆಣಗಳು ತುಂಬಿದ್ದ ಕಾಲುವೆಯಲ್ಲಿ ಏನೋ ಅಲ್ಲಾಡಿದ್ದು ಕಂಡಿತು. ಅವನ ಸಂಗಡಿಗ ಗ್ಲೆನ್ ಆಂಡ್ರಿಯೊಟ್ಟಾ ಅದರೊಳಗೆ ಇಳಿದು ಜೀವವಿದ್ದ ಒಂದು ಮಗುವನ್ನು ಎತ್ತಿಕೊಂಡು ಬಂದ. ಮಗುವನ್ನು ಆಸ್ಪತ್ರೆಗೆ ತಲುಪಿಸಿದರು. ಅದೇ ಯುದ್ಧ, ಅದೇ ಸೇನೆ, ಅದೇ ಭಯ, ಅದೇ ಬೆಳಗು. "ಯುದ್ಧ ಅಂದ್ರೆ ಇದೆಲ್ಲ ಇದ್ದದ್ದೇ" ಎನ್ನುವುದಾದರೆ ಥಾಂಪ್ಸನ್ ಏನಾದ? ಯುದ್ಧದಲ್ಲಿ ಸಾವು ತಪ್ಪಿದ್ದಲ್ಲ, ನಿಜ. ಆದರೆ ಕೈಗೆ ಸಿಕ್ಕ ಕೈದಿಯನ್ನು, ಆಯುಧವಿಲ್ಲದವರನ್ನು ಹಿಂಸಿಸುವುದು ಯುದ್ಧದ ಭಾಗವೇ ಅಲ್ಲ. 1949ರ ಜಿನೀವಾ ಒಪ್ಪಂದಗಳಲ್ಲಿ ಜಗತ್ತಿನ ಎಲ್ಲ ದೇಶಗಳೂ ಒಪ್ಪಿ ಸಹಿ ಹಾಕಿರುವ ಮಾತು ಅದು.

ಥಾಂಪ್ಸನ್‌ಗೆ ಅದರಿಂದ ಸಿಕ್ಕಿದ್ದೇನು ಎಂಬುದನ್ನೂ ಹೇಳಬೇಕು. ಕೊಲೆ ಬೆದರಿಕೆಗಳು ಬಂದವು. ಶಿಕ್ಷೆ ಆಗಬೇಕಾದದ್ದು ಇವನಿಗೇ ಎಂದು ಸಂಸದನೊಬ್ಬ ಹೇಳಿದ. ಆ ಕೆಲಸಕ್ಕೆ ಸರಿಯಾದ ಪದಕ ಬಂದದ್ದು 1998ರಲ್ಲಿ, 30 ವರ್ಷದ ಮೇಲೆ.

ಈಗ ಜನ ಯಾಕೆ ಸುಮ್ಮನಾಗುತ್ತಾರೆ ಎಂಬುದಕ್ಕೆ ಬರೋಣ. ಕಾರಣ ಒಂದೇ ಅಲ್ಲ.

ನಾನು ತರಗತಿಯಲ್ಲಿ ಯಾವುದೇ ಯುದ್ಧದ ಚಿತ್ರ ತೋರಿಸಿದರೂ ಮೊದಲು ಬರುವ ಪ್ರಶ್ನೆ "ಇದು ಯಾರು ಮಾಡಿದ್ದು?" ಎಂದೇ. ಏನಾಯಿತು ಎಂಬುದು ಆಮೇಲೆ. ತಮ್ಮ ಕಡೆಯವರಾದರೆ ಮನಸ್ಸು ತಕ್ಷಣ ಕಾರಣ ಹುಡುಕುತ್ತದೆ. ಅವರು ಮೊದಲು ಏನು ಮಾಡಿದ್ದರು, ಇವನಿಗೆ ಎಂಥ ಒತ್ತಡವಿತ್ತು, ಫೋಟೊ ನಿಜವಾ. ಎದುರು ಕಡೆಯವರಾದರೆ ಇದ್ಯಾವುದೂ ಬೇಕಾಗುವುದಿಲ್ಲ. ಓದಿದವರೂ ಹೀಗೆಯೇ, ಓದದವರೂ ಹೀಗೆಯೇ. ಜೊತೆಗೆ "ಅಷ್ಟೊಂದು ಹಿಂಸೆ ಕೊಟ್ಟಿದ್ದಾರೆ ಅಂದ್ರೆ ಅವನೂ ಏನೋ ಮಾಡಿರಲೇಬೇಕು" ಎಂಬ ಇನ್ನೊಂದು ಯೋಚನೆ ಸೇರಿಕೊಳ್ಳುತ್ತದೆ. ಜಗತ್ತು ನ್ಯಾಯವಾಗಿ ನಡೆಯುತ್ತಿದೆ ಎಂದು ನಂಬಿದರೆ ಮನಸ್ಸಿಗೆ ನೆಮ್ಮದಿ. ಆ ನೆಮ್ಮದಿಗಾಗಿ ಹಿಂಸೆ ಪಟ್ಟವನ ಮೇಲೇ ತಪ್ಪು ಹೊರಿಸುತ್ತೇವೆ.

ಇನ್ನೊಂದು, ಸಂಖ್ಯೆ. ಪಾಲ್ ಸ್ಲೋವಿಕ್ ಎಂಬ ಮನಶ್ಶಾಸ್ತ್ರಜ್ಞರು ಹಲವು ದಶಕಗಳಿಂದ ಇದರ ಬಗ್ಗೆಯೇ ಕೆಲಸ ಮಾಡಿದ್ದಾರೆ. ಒಂದು ಮಗು ನಮ್ಮನ್ನು ಅಳಿಸುತ್ತದೆ, ಹತ್ತು ಸಾವಿರ ಮಕ್ಕಳು ಅಂಕಿಯಾಗಿ ಉಳಿಯುತ್ತಾರೆ. 2015ರ ಸೆಪ್ಟೆಂಬರಿನಲ್ಲಿ ಟರ್ಕಿಯ ಕಡಲತೀರದಲ್ಲಿ ಮಕಾಡೆ ಬಿದ್ದಿದ್ದ ಸಿರಿಯಾದ ಪುಟ್ಟ ಹುಡುಗನ ಫೋಟೊ ನಿಮಗೆ ನೆನಪಿರಬಹುದು. ಅದಕ್ಕೆ ಮೊದಲೇ ಆ ಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು, ಜಗತ್ತು ಅಷ್ಟಾಗಿ ತಲೆಕೆಡಿಸಿಕೊಂಡಿರಲಿಲ್ಲ. ಆ ಒಂದು ಫೋಟೊ ಬಂದ ವಾರ ಸ್ವೀಡನ್ನಿನ ರೆಡ್‌ಕ್ರಾಸ್ ನಿರಾಶ್ರಿತರಿಗಾಗಿ ತೆರೆದಿದ್ದ ನಿಧಿಗೆ ಬರುವ ದಾನಗಳ ಸಂಖ್ಯೆ ನೂರು ಪಟ್ಟಿಗೂ ಹೆಚ್ಚು ಏರಿತು. ಸುಮಾರು ಆರು ವಾರದಲ್ಲಿ ಇಳಿದೂ ಹೋಯಿತು. ಯುದ್ಧ ಮಾತ್ರ ನಡೆಯುತ್ತಲೇ ಇತ್ತು.

ಇದರಲ್ಲಿ ಇನ್ನೊಂದು ಅಂಶವಿದೆ, ನಿಮ್ಮ ಮಟ್ಟಿಗೆ ಮುಖ್ಯವಾದದ್ದೇ ಅದು. ಅದೇ ವಾರದಲ್ಲಿ ಕೆಲವರು ಒಂದು ಸಲ ಹಣ ಕೊಟ್ಟು ಸುಮ್ಮನಾಗಲಿಲ್ಲ. ತಿಂಗಳು ತಿಂಗಳು ಇಷ್ಟು ಕೊಡುತ್ತೇವೆ ಎಂದು ಬರೆದುಕೊಟ್ಟರು. ಅವರಲ್ಲಿ ಹೆಚ್ಚಿನವರು ಆಮೇಲೆ ನಿಲ್ಲಿಸಲಿಲ್ಲ. ಅವರ ಕಣ್ಣೀರೂ ಆರು ವಾರದಲ್ಲಿ ಆರಿಯೇ ಇರುತ್ತದೆ. ಆದರೆ ಸಿಟ್ಟು, ದುಃಖ ಬಿಸಿಯಾಗಿದ್ದಾಗಲೇ ಅದನ್ನು ತಾನಾಗಿ ನಡೆಯುವ ಒಂದು ವ್ಯವಸ್ಥೆಗೆ ಕಟ್ಟಿಹಾಕಿದ್ದರು.

ಕೊನೆಯ ಕಾರಣ ನಾಯಕರು. ಬಹಳಷ್ಟು ಜನ ದೂರದ ಯುದ್ಧದ ಬಗ್ಗೆ ತಾವೇ ಕೂತು ತೀರ್ಮಾನ ಮಾಡುವುದಿಲ್ಲ. ಅವರಿಗೆ ಅಷ್ಟು ಪುರುಸೊತ್ತೂ ಇರುವುದಿಲ್ಲ. ತಾವು ನಂಬಿದ ಪಕ್ಷ, ನಾಯಕ ಏನೆಂದರು ಎಂದು ನೋಡುತ್ತಾರೆ. ಅಬು ಘ್ರೈಬ್ ಫೋಟೊಗಳು 2004ರ ಏಪ್ರಿಲ್ 28ರಂದು ಟಿವಿಯಲ್ಲಿ ಬಂದವು. ಸರ್ಕಾರ ತಕ್ಷಣ ಹೇಳಿದ್ದು, ಇದು ಕೆಲವೇ ಕೆಲವು ಸೈನಿಕರ ನಾಚಿಕೆಗೇಡಿನ ಕೆಲಸ ಎಂದು. ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಸೆನೆಟ್ ಸಮಿತಿಯ ಮುಂದೆ ಬಂದು ಕ್ಷಮೆ ಕೇಳಿದರು. ರಾಜೀನಾಮೆ ಕೊಡುತ್ತೇನೆ ಎಂದರು, ಅಧ್ಯಕ್ಷ ಬುಷ್ ಬೇಡವೆಂದರು. ಚುನಾವಣಾ ಪ್ರಚಾರದಲ್ಲಿ ಎದುರು ಪಕ್ಷವೂ ಇದನ್ನು ದೊಡ್ಡ ವಿಷಯ ಮಾಡಲಿಲ್ಲ. ಯುದ್ಧದ ಹೊತ್ತಲ್ಲಿ ಸೈನಿಕರನ್ನು ಬೈದಂತೆ ಕಂಡೀತು ಎಂಬ ಹೆದರಿಕೆ ಎಲ್ಲ ಪಕ್ಷಗಳಿಗೂ ಇರುತ್ತದೆ. ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡಾಗ ಸಿಟ್ಟಾದ ಮತದಾರ ಹೋಗಿ ಯಾವ ಗುಂಡಿ ಒತ್ತಬೇಕು? ನವೆಂಬರಿನ ಆ ಫಲಿತಾಂಶವನ್ನು ನಾನು ಓದುವುದು ಹೀಗೆ. ಅಷ್ಟೇ ಅಲ್ಲ, ಹತ್ತು ವರ್ಷದ ಮೇಲೆ, 2014ರ ಡಿಸೆಂಬರಿನಲ್ಲಿ, ಸಿಐಎ ಚಿತ್ರಹಿಂಸೆಯ ಬಗ್ಗೆ ಸೆನೆಟ್ ವರದಿ ಬಂದಾಗ ಪ್ಯೂ ಸಂಸ್ಥೆ ಸಮೀಕ್ಷೆ ಮಾಡಿತು. 51% ಜನ ಅದು ಸರಿ ಎಂದರು, 29% ತಪ್ಪು ಎಂದರು. ಆ ಉತ್ತರಗಳೂ ಪಕ್ಷದ ಗೆರೆಯಂತೆಯೇ ಒಡೆದುಹೋಗಿದ್ದವು.

"ಮೇಲಿನವರು ತಪ್ಪಿಸಿಕೊಳ್ಳುತ್ತಾರೆ" ಎಂಬ ನಿಮ್ಮ ದೂರು ಬಹುಮಟ್ಟಿಗೆ ನಿಜ. ಅಬು ಘ್ರೈಬ್ ವಿಷಯದಲ್ಲಿ 11 ಸೈನಿಕರಿಗೆ ಶಿಕ್ಷೆಯಾಯಿತು. ಒಬ್ಬ ಬ್ರಿಗೇಡಿಯರ್ ಜನರಲ್‌ಗೆ ಹಿಂಬಡ್ತಿಯಾಯಿತು. ಅವರಿಗಿಂತ ಮೇಲಿನವರು ಯಾರೂ ಕಟಕಟೆ ಹತ್ತಲಿಲ್ಲ. ಆದರೆ 2008ರ ಡಿಸೆಂಬರಿನಲ್ಲಿ ಸೆನೆಟ್‌ನ ಸೇನಾ ಸಮಿತಿ, ಇದು ಕೆಲವೇ ಸೈನಿಕರು ತಾವಾಗಿ ಮಾಡಿದ್ದಲ್ಲ, ಮೇಲಿನಿಂದ ಒಪ್ಪಿಗೆ ಪಡೆದ ವಿಚಾರಣೆಯ ಕ್ರಮಗಳೇ ಇದಕ್ಕೆ ದಾರಿ ಮಾಡಿಕೊಟ್ಟವು ಎಂದು ಬರೆಯಿತು. ಅದು ಹೇಗೆ ಗೊತ್ತಾಯಿತು? ಜಿನೀವಾ ಒಪ್ಪಂದದ ರಕ್ಷಣೆ ಅಲ್ ಖೈದಾ, ತಾಲಿಬಾನ್ ಕೈದಿಗಳಿಗೆ ಇಲ್ಲ ಎಂದು 2002ರ ಫೆಬ್ರವರಿಯಲ್ಲಿ ಅಧ್ಯಕ್ಷರು ಸಹಿ ಹಾಕಿದ ಪತ್ರ, ಯಾವ ಮಟ್ಟದ ನೋವು ಕೊಟ್ಟರೆ ಚಿತ್ರಹಿಂಸೆ ಆಗುವುದಿಲ್ಲ ಎಂದು ಅದೇ ವರ್ಷ ಆಗಸ್ಟಿನಲ್ಲಿ ಸರ್ಕಾರಿ ವಕೀಲರು ಬರೆದುಕೊಟ್ಟ ಟಿಪ್ಪಣಿ, ಇಂಥ ಕಾಗದಗಳು ಹೊರಬಂದದ್ದರಿಂದ.

ಇಷ್ಟು ವರ್ಷದ ಓದಿನಲ್ಲಿ ನಾನು ಕಂಡುಕೊಂಡದ್ದು ಇದು. ಫೋಟೊ ಕೆಳಗಿನವನನ್ನು ಹಿಡಿದುಕೊಡುತ್ತದೆ. ಮೇಲಿನವರನ್ನು ಹಿಡಿದುಕೊಡುವುದು ಕಾಗದ. ಫೋಟೊದಲ್ಲಿ ಕೈ ಕಾಣುತ್ತದೆ, ಆಜ್ಞೆ ಕಾಣುವುದಿಲ್ಲ. ನಮ್ಮ ಸಿಟ್ಟು ಏಳುವುದು ಫೋಟೊ ನೋಡಿ. ಹಾಗಾಗಿ ಅದು ಫೋಟೊದಲ್ಲಿರುವವನ ಮೇಲೆ ತೀರಿಹೋಗುತ್ತದೆ. ಕಾಗದ ಹೊರಬರುವ ಹೊತ್ತಿಗೆ ನಾವು ಮನೆಗೆ ಹೋಗಿಬಿಟ್ಟಿರುತ್ತೇವೆ. ಸಿಐಎ ಚಿತ್ರಹಿಂಸೆಯ ಬಗ್ಗೆ ಬಂದ ಸೆನೆಟ್ ವರದಿ 6,700ಕ್ಕೂ ಹೆಚ್ಚು ಪುಟದ್ದು. ಜನರ ಕೈಗೆ ಸಿಕ್ಕಿದ್ದು ಸುಮಾರು 500 ಪುಟ. ಉಳಿದದ್ದನ್ನು ತೆರೆಯಿರಿ ಎಂದು ಬೀದಿಗೆ ಬಂದವರನ್ನು ನಾನಂತೂ ಕಾಣೆ.

ಸಿಟ್ಟಿನಿಂದ ಏನಾದರೂ ಆಗಿದೆಯೇ ಎಂದು ಕೇಳಿದ್ದೀರಿ. ಆಗಿದೆ. 1982ರ ಸೆಪ್ಟೆಂಬರಿನಲ್ಲಿ ಬೈರೂತಿನ ಸಬ್ರಾ ಮತ್ತು ಶತೀಲಾ ನಿರಾಶ್ರಿತರ ಶಿಬಿರಗಳಲ್ಲಿ ಲೆಬನಾನಿನ ಸಶಸ್ತ್ರ ಗುಂಪೊಂದು ಪ್ಯಾಲೆಸ್ತೀನಿಯರ ಮಾರಣಹೋಮ ಮಾಡಿತು. ಶಿಬಿರಗಳ ಸುತ್ತ ಇದ್ದದ್ದು ಇಸ್ರೇಲಿನ ಸೇನೆ. ತನಿಖಾ ಆಯೋಗ ಬೇಡ ಎಂದು ಪ್ರಧಾನಿ ಬೆಗಿನ್ ಸರ್ಕಾರ ಮೊದಲು ನಿರಾಕರಿಸಿತು. ಸೆಪ್ಟೆಂಬರ್ 25ರಂದು ಟೆಲ್ ಅವೀವ್‌ನಲ್ಲಿ ಭಾರಿ ಜನ ಸೇರಿದರು. ನಾಲ್ಕು ಲಕ್ಷ ಎಂದು ಆಗ ಹೇಳಿದರು, ಆ ಲೆಕ್ಕದ ಬಗ್ಗೆ ತಕರಾರಿದೆ, ಆದರೆ ಆ ದೇಶ ಅಷ್ಟು ದೊಡ್ಡ ಸಭೆ ಕಂಡದ್ದು ಅಪರೂಪ. ಯುದ್ಧ ಇನ್ನೂ ಮುಗಿದಿರಲಿಲ್ಲ, ಸೇನೆ ಅವರದ್ದೇ. ಅವರು ಕೇಳಿದ್ದು ಅಸ್ಪಷ್ಟವಾದ ನ್ಯಾಯವನ್ನಲ್ಲ. ನ್ಯಾಯಾಧೀಶರ ನೇತೃತ್ವದ ತನಿಖಾ ಆಯೋಗ ಬೇಕು ಎಂದು ಕೇಳಿದರು. ಮೂರೇ ದಿನದಲ್ಲಿ ಸರ್ಕಾರ ಒಪ್ಪಿತು. 1983ರ ಫೆಬ್ರವರಿಯಲ್ಲಿ ಕಹಾನ್ ಆಯೋಗದ ವರದಿ ಬಂತು. ರಕ್ಷಣಾ ಸಚಿವ ಏರಿಯಲ್ ಶರೋನ್ ಮೇಲೆ ವೈಯಕ್ತಿಕ ಹೊಣೆ ಹೊರಿಸಿತು. ಅವರು ಆ ಖಾತೆ ಬಿಡಬೇಕಾಯಿತು.

ಇದು ಅರ್ಧ ಗೆಲುವು. ಶರೋನ್ ಸಂಪುಟದಲ್ಲೇ ಉಳಿದರು, 2001ರಲ್ಲಿ ಪ್ರಧಾನಿಯೂ ಆದರು. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಆದರೂ ಮೈ ಲಾಯ್ ಟೆಲಿಗ್ರಾಂಗಳಿಗೂ ಟೆಲ್ ಅವೀವ್ ಸಭೆಗೂ ಇರುವ ವ್ಯತ್ಯಾಸ ಕಾಣುತ್ತದೆ ಅಲ್ವಾ? ಎರಡೂ ಕಡೆ ಸಿಟ್ಟಿತ್ತು. ಒಂದು ಕಡೆ ಮಾತ್ರ ಅದಕ್ಕೆ ಹೆಸರಿಟ್ಟು ಕೇಳುವ ಬೇಡಿಕೆ ಇತ್ತು.

ಇನ್ನೊಬ್ಬರ ಕಥೆ ನನಗೆ ಬಹಳ ಮುಖ್ಯ. ಆಫ್ರಿಕಾದ ಚಾಡ್ ದೇಶದಲ್ಲಿ ಇಸೇನ್ ಹಬ್ರೆ 1982ರಿಂದ 1990ರವರೆಗೆ ಆಳಿದ. ಒಂದು ಕಡೆ ಲಿಬಿಯಾ ಜೊತೆ ಯುದ್ಧ, ಇನ್ನೊಂದು ಕಡೆ ಒಳಗಿನ ಬಂಡುಕೋರರು. ಆ ನೆಪದಲ್ಲಿ ಸಾವಿರಾರು ಜನರನ್ನು ಅವನ ಗುಪ್ತಪೊಲೀಸರು ಜೈಲಿಗೆ ಹಾಕಿ ಕೊಂದರು. ಸುಲೇಮಾನ್ ಗೆಂಗೆಂಗ್ ಎಂಬ ಲೆಕ್ಕಪತ್ರದ ಗುಮಾಸ್ತ ಎರಡು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಕೊಳೆತರು. ಬದುಕಿ ಹೊರಗೆ ಬಂದರೆ ಇದಕ್ಕೆ ಸಾಕ್ಷಿ ಹೇಳುತ್ತೇನೆ ಎಂದು ಜೈಲಿನಲ್ಲೇ ಪ್ರಮಾಣ ಮಾಡಿಕೊಂಡರು. ಹಬ್ರೆ ಓಡಿಹೋದ ಮೇಲೆ ಹೊರಬಂದು, ಬದುಕುಳಿದವರನ್ನೂ ವಿಧವೆಯರನ್ನೂ ಹುಡುಕಿ, ಒಬ್ಬೊಬ್ಬರ ಹೇಳಿಕೆ ಬರೆದುಕೊಂಡರು. ಒಟ್ಟು 792 ಹೇಳಿಕೆಗಳು. ಕೆಲಸ ಬೆದರಿಕೆಗಳ ನಡುವೆ ನಿಂತಿತು. ಹಬ್ರೆಯ ಕಡೆಯವರು ಅಧಿಕಾರದಲ್ಲಿ ಇನ್ನೂ ಇದ್ದರು. ಗೆಂಗೆಂಗ್ ಆ ಕಾಗದಗಳನ್ನು ಮನೆಯಲ್ಲಿ ಬಚ್ಚಿಟ್ಟು ವರ್ಷಗಟ್ಟಲೆ ಕಾದರು. 2016ರ ಮೇ 30ರಂದು ಸೆನೆಗಲ್‌ನ ಡಕಾರಿನಲ್ಲಿ ಆಫ್ರಿಕಾದ ವಿಶೇಷ ನ್ಯಾಯಾಲಯವೊಂದು ಹಬ್ರೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವನ ಗುಪ್ತಪೊಲೀಸರೇ ಬರೆದಿಟ್ಟಿದ್ದ ಕಡತಗಳು ಸಾಕ್ಷಿಯಾದವು. ಅವು 2001ರಲ್ಲಿ ಪಾಳುಬಿದ್ದ ಕಚೇರಿಯ ನೆಲದ ಮೇಲೆ ಸಿಕ್ಕಿದ್ದವು. ಹಬ್ರೆ 2021ರಲ್ಲಿ ಕೈದಿಯಾಗಿಯೇ ಸತ್ತ.

ಕೀನ್ಯಾದ್ದೂ ಹಾಗೆಯೇ. 1959ರಲ್ಲಿ ಹೋಲಾ ಶಿಬಿರದಲ್ಲಿ ಬ್ರಿಟಿಷರ ಕಾವಲಿನವರು 11 ಕೈದಿಗಳನ್ನು ಹೊಡೆದು ಕೊಂದರು. ನೀರು ಕುಡಿದು ಸತ್ತರು ಎಂದು ಮೊದಲು ಹೇಳಿದರು. ಸಂಸತ್ತಿನಲ್ಲಿ ಗದ್ದಲವಾಯಿತು, ಆದರೆ ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಬಚ್ಚಿಟ್ಟಿದ್ದ ವಸಾಹತು ಕಡತಗಳು ಇವೆ ಎಂದು ಬ್ರಿಟಿಷ್ ಸರ್ಕಾರ 2011ರಲ್ಲಿ ಒಪ್ಪಿಕೊಳ್ಳಬೇಕಾಯಿತು. 2013ರಲ್ಲಿ ಆ ಕಾಲದ ಶಿಬಿರಗಳಲ್ಲಿ ಹಿಂಸೆ ಪಟ್ಟ 5,228 ಜನರಿಗೆ 1.99 ಕೋಟಿ ಪೌಂಡ್ ಪರಿಹಾರ ಕೊಡಲು ಒಪ್ಪಿತು. ಅಬು ಘ್ರೈಬ್ ಕೂಡ ಪೂರ್ತಿ ಮುಚ್ಚಿಹೋಗಿಲ್ಲ. ಅಲ್ಲಿ ವಿಚಾರಣೆಗೆ ಜನ ಒದಗಿಸಿದ್ದ ಖಾಸಗಿ ಗುತ್ತಿಗೆ ಕಂಪನಿ ಮೂವರು ಮಾಜಿ ಕೈದಿಗಳಿಗೆ 4.2 ಕೋಟಿ ಡಾಲರ್ ಕೊಡಬೇಕು ಎಂದು 2024ರ ನವೆಂಬರಿನಲ್ಲಿ ವರ್ಜೀನಿಯಾದ ಜ್ಯೂರಿ ಹೇಳಿತು. ಫೋಟೊಗಳು ಬಂದು 20 ವರ್ಷವಾಗಿತ್ತು.

ನೋಡುವುದನ್ನು ಬಿಟ್ಟುಬಿಡಲೇ ಎಂಬ ಪ್ರಶ್ನೆಗೆ ಬರುತ್ತೇನೆ. ವಿಡಿಯೊಗಳನ್ನು ಬಿಡಬಹುದು. ನಿಜವಾಗಿಯೂ. ವಿಷಯವನ್ನು ಬಿಡಬೇಡಿ. ಎರಡೂ ಒಂದೇ ಅಲ್ಲ. ಇಂಥ ವಿಡಿಯೊಗಳನ್ನು ಸಾಕ್ಷಿಯಾಗಿ ಪರಿಶೀಲಿಸುವವರು ಅವನ್ನು ಹೇಗೆ ನೋಡುತ್ತಾರೆ ಗೊತ್ತಾ? ಮೊದಲ ಸಲ ಶಬ್ದ ಪೂರ್ತಿ ಆರಿಸಿ, ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ನೋಡುತ್ತಾರೆ. ಏನನ್ನು ಹುಡುಕುತ್ತಿದ್ದೇವೆ ಎಂದು ಮೊದಲೇ ಬರೆದುಕೊಂಡು ಕೂರುತ್ತಾರೆ. ರಾತ್ರಿ ಮಲಗುವ ಮುಂಚೆ ಮುಟ್ಟುವುದಿಲ್ಲ. ಬೇಕಾದದ್ದು ಸಿಕ್ಕ ಮೇಲೆ ಮತ್ತೆ ನೋಡುವುದಿಲ್ಲ. ಕಿರುಚಾಟದ ಶಬ್ದ ಚಿತ್ರಕ್ಕಿಂತ ಜಾಸ್ತಿ ದಿನ ತಲೆಯಲ್ಲಿ ಉಳಿಯುತ್ತದೆ ಎಂದು ಅವರು ಅನುಭವದಿಂದ ಕಲಿತಿದ್ದಾರೆ. ಕಸುಬಿನವರೇ ಇಷ್ಟು ಎಚ್ಚರ ಇಟ್ಟುಕೊಳ್ಳುವಾಗ ನೀವು ಊಟದ ಮಧ್ಯೆ, ಪೂರ್ತಿ ಶಬ್ದದಲ್ಲಿ, ಒಂದರ ಹಿಂದೊಂದು ನೋಡಿ ಮರಗಟ್ಟಿದರೆ ಆಶ್ಚರ್ಯವೇನಿಲ್ಲ. ಬರಹದಲ್ಲಿ ಓದಿ, ಸಾಕು. ಪೂರ್ತಿ ಕಣ್ಣು ಮುಚ್ಚಿಕೊಂಡರೆ ಮಾತ್ರ ಅಪಾಯ. ತಪ್ಪು ಮಾಡಿದವರಿಗೆ ಬೇಕಾಗಿರುವುದು ಅದೇ.

ನಿಮ್ಮ ಗೆಳತಿಗೆ ಒಂದು ಪ್ರಸಂಗ ಹೇಳಿ. 2004ರ ಮೇ ತಿಂಗಳಲ್ಲಿ ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆ, ಬ್ರಿಟಿಷ್ ಸೈನಿಕರು ಇರಾಕಿ ಕೈದಿಯನ್ನು ಹಿಂಸಿಸುವ ಫೋಟೊ ಎಂದು ಕೆಲವು ಚಿತ್ರ ಹಾಕಿತು. ಅವು ಸುಳ್ಳು ಎಂದು ಬಯಲಾಯಿತು. ಸಂಪಾದಕರ ಕೆಲಸ ಹೋಯಿತು. ಆ ಚಿತ್ರಗಳಲ್ಲಿ ಹೆಸರು ಬಂದ ರೆಜಿಮೆಂಟಿನ ವಶದಲ್ಲೇ, ಎಂಟು ತಿಂಗಳ ಹಿಂದೆ, ಬಸ್ರಾದಲ್ಲಿ ಬಹಾ ಮೂಸಾ ಎಂಬ 26 ವರ್ಷದ ಹೋಟೆಲ್ ನೌಕರ ನಿಜವಾಗಿಯೂ ಹೊಡೆತ ತಿಂದು ಸತ್ತಿದ್ದ. ಮೈಮೇಲೆ 93 ಗಾಯಗಳಿದ್ದವು. ಸುಳ್ಳು ಫೋಟೊ ಬಂದದ್ದರಿಂದ ನಿಜವನ್ನೂ ತಳ್ಳಿಹಾಕುವವರಿಗೆ ನೆಪ ಸಿಕ್ಕಿತು. ಪರಿಶೀಲಿಸದೆ ಹಂಚಿದರೆ ಅದರ ಬೆಲೆ ತೆರುವವನು ನಿಜವಾಗಿ ಪೆಟ್ಟು ತಿಂದವನು.

ನಾನು ಸೂಚಿಸುವ ದಾರಿ ಇದು. ಎಲ್ಲ ಯುದ್ಧಗಳನ್ನೂ ಹೊರಬೇಡಿ. ಒಂದನ್ನು, ಅದರಲ್ಲೂ ಒಂದೇ ಪ್ರಕರಣವನ್ನು ಆರಿಸಿಕೊಳ್ಳಿ. ಅದರ ತನಿಖೆ ಎಲ್ಲಿಗೆ ಬಂತು, ಯಾವ ಕಾಗದ ಇನ್ನೂ ಬೀಗದೊಳಗಿದೆ, ಮುಂದಿನ ವಿಚಾರಣೆ ಯಾವಾಗ ಎಂದು ತಿಂಗಳಿಗೊಮ್ಮೆ ನೋಡಿ. ನಿಮ್ಮ ಪ್ರತಿನಿಧಿಗೆ ಬರೆಯುವುದಾದರೆ "ಹಿಂಸೆ ನಿಲ್ಲಲಿ" ಎಂದು ಬರೆಯಬೇಡಿ. ಒಂದು ವರದಿ, ಒಂದು ಮತ, ಒಂದು ಹೇಳಿಕೆಯ ಹೆಸರಿಟ್ಟು ಕೇಳಿ. ಸಾಕ್ಷ್ಯ ಬರೆದಿಡುವವರಿಗೆ ಹಣ ಕೊಡುವ ಮನಸ್ಸಿದ್ದರೆ ಅವರ ಲೆಕ್ಕಪತ್ರ ನೋಡಿ, ಸ್ವಲ್ಪವೇ ಆದರೂ ತಿಂಗಳು ತಿಂಗಳು ಕೊಡಿ. ನಿಮ್ಮ ಕಡೆಯವರು ಎಂದು ನಿಮಗನ್ನಿಸುವವರು ಮಾಡಿದ ತಪ್ಪನ್ನೇ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಕಷ್ಟ ಜಾಸ್ತಿ, ಆದರೆ ನಿಮ್ಮ ಮಾತಿಗೆ ತೂಕ ಬರುವುದು ಅಲ್ಲಿ.

ಇದರಲ್ಲೂ ಅಪಾಯಗಳಿವೆ. ದೇಶದ್ರೋಹಿ ಎಂಬ ಮಾತು ಕೇಳಬೇಕಾಗಬಹುದು. ಅಬು ಘ್ರೈಬ್ ಫೋಟೊಗಳ ಸಿಡಿಯನ್ನು ತನಿಖಾಧಿಕಾರಿಗಳಿಗೆ ಕೊಟ್ಟ ಜೋ ಡಾರ್ಬಿಯ ಹೆಸರು ಬಹಿರಂಗವಾಯಿತು, ಆತ ತನ್ನ ಊರಿಗೆ ಮರಳಿ ಹೋಗಿ ಇರಲು ಆಗಲಿಲ್ಲ. ದೂರದಿಂದ ಕೇಳುವ ನಿಮಗೆ ಅಷ್ಟಾಗಲಿಕ್ಕಿಲ್ಲ, ಆದರೆ ಮನೆಯಲ್ಲಿ ಮಾತು ಬಿರುಸಾಗಬಹುದು. ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ಸಿಟ್ಟು ಒಂದು ಸರ್ಕಾರದ ಮೇಲೆ ಶುರುವಾಗಿ, ಆ ದೇಶದ ಜನರೆಲ್ಲರ ಮೇಲೆ, ಅವರ ಧರ್ಮದ ಮೇಲೆ ಜಾರುತ್ತದೆ. ಮುಂದಿನ ಯುದ್ಧಾಪರಾಧಕ್ಕೆ ಬೇಕಾದ ಮನಸ್ಸು ತಯಾರಾಗುವುದು ಹಾಗೆಯೇ. ಹಾಗೆ ಜಾರುತ್ತಿದೆ ಅನ್ನಿಸಿದ ದಿನ ಫೋನ್ ಕೆಳಗಿಟ್ಟುಬಿಡಿ. ಮತ್ತೆ, ವರ್ಷಗಟ್ಟಲೆ ಕಾದೂ ಏನೂ ಆಗದೇ ಹೋಗಬಹುದು. ಅದಕ್ಕೆ ನಾನು ಯಾವ ಭರವಸೆಯನ್ನೂ ಕೊಡಲಾರೆ.

ಎಲ್ಲಿಂದ ಶುರುಮಾಡಲಿ ಎಂದರೆ ಬಹಾ ಮೂಸಾ ತನಿಖಾ ವರದಿಯಿಂದ ಎನ್ನುತ್ತೇನೆ. 2011ರಲ್ಲಿ ಬಂದದ್ದು, ಮೂರು ಸಂಪುಟ, ಯಾರು ಬೇಕಾದರೂ ಓದಬಹುದು. ಆ ಮನುಷ್ಯನ ತಲೆಗೆ 36 ಗಂಟೆಗಳಲ್ಲಿ ಸುಮಾರು 24 ಗಂಟೆ ಮುಸುಕು ಹಾಕಿದ್ದರು. ಹಾಗೆ ಮುಸುಕು ಹಾಕುವುದನ್ನು ಬ್ರಿಟಿಷ್ ಸರ್ಕಾರ 1972ರಲ್ಲೇ ನಿಷೇಧಿಸಿತ್ತು. ಉತ್ತರ ಐರ್ಲೆಂಡಿನಲ್ಲಿ ಕೈದಿಗಳಿಗೆ ಕೊಟ್ಟ ಹಿಂಸೆಯಿಂದ ಗಲಾಟೆಯೆದ್ದು ಪ್ರಧಾನಿಯೇ ಸಂಸತ್ತಿನಲ್ಲಿ ಮಾತು ಕೊಟ್ಟಿದ್ದರು. 30 ವರ್ಷದಲ್ಲಿ ಸೇನೆಯೊಳಗೆ ಆ ನಿಷೇಧ ಹೆಚ್ಚುಕಮ್ಮಿ ಮರೆತೇಹೋಗಿತ್ತು ಎಂದು ವರದಿ ಹೇಳುತ್ತದೆ. ಆ ಮಾತು ಏನಾಯಿತು ಎಂದು ವರ್ಷಕ್ಕೊಮ್ಮೆ ಕೇಳುವವರು ಹೊರಗಡೆಯೂ ಇರಲಿಲ್ಲ. ತನಿಖೆ ನಡೆಸಿದ ನ್ಯಾಯಾಧೀಶರು 73 ಶಿಫಾರಸುಗಳನ್ನು ಕೊಟ್ಟರು. ಸರ್ಕಾರ ಒಂದನ್ನು ಬಿಟ್ಟು ಉಳಿದವನ್ನು ಒಪ್ಪಿತು. ಒಪ್ಪದ ಆ ಒಂದು, ಸೆರೆಸಿಕ್ಕವರನ್ನು ಪ್ರಶ್ನಿಸುವಾಗ ಮುಖದ ಹತ್ತಿರ ಹೋಗಿ ಅರಚುವುದನ್ನು ಪೂರ್ತಿ ನಿಲ್ಲಿಸಬೇಕು ಎಂಬುದು. ಒಪ್ಪಿಕೊಂಡ 72ರಲ್ಲಿ ಎಷ್ಟನ್ನು ಇವತ್ತು ಹೊಸದಾಗಿ ಸೇರುವ ಸೈನಿಕನಿಗೆ ಕಲಿಸುತ್ತಿದ್ದಾರೆ ಎಂದು ಹುಡುಕಿ ನೋಡಿ. ಓದುತ್ತಾ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮತ್ತೆ ಬರೆಯಿರಿ, ನಿಮ್ಮಣ್ಣನ ಪ್ರಶ್ನೆಗಳಿದ್ದರೆ ಅವನ್ನೂ ಕಳಿಸಿ.